ಕಮಲಾಕ್ಷಿ ಹೇಳಿದ ತಿಂಡಿ

ನನ್ನ ಗಂಡನಿಗೆ ಸಕ್ಕರೆ ಕಾಯಿಲೆ ಇದೆಯೆಂದು ತಿಳಿದದ್ದು ನಾವು ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದ ವರ್ಷ. ಅನ್ನ ಕಡಿಮೆ ಮಾಡಿ, ಸಂಜೆ ಸ್ವಲ್ಪ ನಡೆಯಿರಿ ಎಂದು ಅಂದಿನಿಂದ ಹೇಳುತ್ತಲೇ ಇದ್ದೆ. ಇವರು ಬ್ಯಾಂಕಿನಲ್ಲಿ ಅಧಿಕಾರಿ. ಮನೆಯಲ್ಲಿ ಹೇಳಿಸಿಕೊಂಡು ಅಭ್ಯಾಸವಿಲ್ಲ. ಎಂಬತ್ತೆಂಟರಲ್ಲಿ ನಮ್ಮ ಕನ್ನಡ ಸಂಘದವರು ಭಾನುವಾರಗಳಂದು ಆರೋಗ್ಯದ ತರಗತಿ ಶುರುಮಾಡಿದರು. ಪಾಠ ಹೇಳಲು ಕಮಲಾಕ್ಷಿ ಬಂದರು. ಮೊದಲ ತರಗತಿ ಮುಗಿದ ಮರುದಿನವೇ ಇವರು ನಡೆಯಲೆಂದು ಕ್ಯಾನ್ವಾಸ್ ಬೂಟು ಕೊಂಡು ತಂದರು.

ಕಮಲಾಕ್ಷಿ ನೌಕಾಪಡೆಯ ಅಧಿಕಾರಿಯೊಬ್ಬರ ಹೆಂಡತಿ. ಓದಿದ್ದು ಆಹಾರ ವಿಜ್ಞಾನ, ಹುಟ್ಟಿ ಬೆಳೆದದ್ದು ವಿಜಯವಾಡ. ಮನೆಮಾತು ಕನ್ನಡವೇ; ಆದರೆ ಅದು ಕೃಷ್ಣೆಯ ಆ ದಡದ ನೀರು ಕುಡಿದ ಕನ್ನಡ.

"ಉಮಾಶಂಕರ್ ಗಾರೂ, ಅಲ್ಲಿ ಯಾಕಂಡಿ? ಮುಂದೆ ಬಂದು ಕೂತ್ಕೊಳ್ಳಂಡಿ."

ಇವರು ಬ್ಯಾಂಕಿನಲ್ಲಿ ದಿನವಿಡೀ 'ಗಾರು' ಎನ್ನಿಸಿಕೊಳ್ಳುವವರೇ. ಆದರೂ ಆಕೆಯ ಬಾಯಲ್ಲಿ ಅದು ಬಂದಾಗ ಬೆನ್ನು ನೆಟ್ಟಗಾಗುತ್ತಿತ್ತು. ನನ್ನ 'ರೀ'ಗೆ ಆ ತೂಕ ಎಲ್ಲಿಂದ ಬರಬೇಕು?

ಬರಿಗಾಲಲ್ಲಿ ಓಡಾಡಬೇಡಿ, ಬೆರಳ ಸಂದುಗಳನ್ನು ಒರೆಸಿಕೊಳ್ಳಿ, ಗಾಯವಿದೆಯೇ ದಿನಾ ನೋಡಿಕೊಳ್ಳಿ ಎಂದರು ಕಮಲಾಕ್ಷಿ. ಕಾಲೊರೆಸುವ ಬಟ್ಟೆ ಎಲ್ಲಿರುತ್ತದೆಂದೂ ತಿಳಿಯದ ಮನುಷ್ಯ ಅಂದು ಸಂಜೆ ನನ್ನ ಕನ್ನಡಿ ತೆಗೆದುಕೊಂಡು ಅಂಗಾಲು ನೋಡಿಕೊಳ್ಳುತ್ತ ಕುಳಿತರು. ಮಾತ್ರೆ ತೆಗೆದುಕೊಳ್ಳುವವರಿಗೆ ಕೆಲವೊಮ್ಮೆ ಸಕ್ಕರೆ ತೀರಾ ಇಳಿಯುತ್ತದೆ, ಬೆವರು, ನಡುಕ, ಕಾರಣವಿಲ್ಲದ ಸಿಟ್ಟು ಕಂಡರೆ ಕೂಡಲೇ ಸಕ್ಕರೆ ನೀರು ಕುಡಿಸಿ ಎಂದೂ ಹೇಳಿದ್ದರು. ಅದನ್ನು ಇವರು ಕೇಳಿಸಿಕೊಂಡರೋ ಇಲ್ಲವೋ. ನಾನು ಕೇಳಿಸಿಕೊಂಡೆ.

ಎರಡನೆಯ ತರಗತಿಯ ಮರುದಿನ ಇವರು ಇಡ್ಲಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ತಿಂಡಿ ಕಮ್ಮಿ ಮಾಡಿ ಅಂದಿದಾರೆ. ನಾನು ಪೂರ್ತಿ ಬಿಟ್ಟೇಬಿಟ್ಟೆ."

"ಮಾತ್ರೆ ನುಂಗಿದೀರಲ್ರೀ. ಖಾಲಿ ಹೊಟ್ಟೇಲಿ ಇರ್ತೀರಾ?"

"ಮಾತ್ರೆ ತಪ್ಪಿಸಬಾರದು ಅಂತಾನೂ ಅವರೇ ಹೇಳಿದ್ದು."

ಹಸಿವು ಎಲ್ಲಿಗೆ ಹೋದೀತು? ಮಧ್ಯಾಹ್ನದ ಡಬ್ಬಿಗೆ ಅನ್ನವನ್ನು ಒತ್ತಿ ಒತ್ತಿ ತುಂಬಿಸಿಕೊಂಡರು, ಮೇಲೆ ಗೋಂಗೂರ ಪಚ್ಚಡಿ. ಅನ್ನ ಬಿಡಿ ಎಂದು ಕಮಲಾಕ್ಷಿ ಹೇಳಿರಲಿಲ್ಲವಲ್ಲ!

ಆ ವಾರವೇ ಮನೆಯ ಓನರ್ ಕೋಟೇಶ್ವರಮ್ಮ ಅಂಗಳದಲ್ಲಿ ಮೊಮ್ಮಗಳನ್ನು ಗದರುತ್ತಿದ್ದರು: "ತಿಂಡಿ ತಿನವೇ!" ಮಗುವಿನ ಮುಂದೆ ಇದ್ದದ್ದು ಅನ್ನ, ಬೇಳೆಯ ಪಪ್ಪು. ನನ್ನ ಕೈ ಅಕ್ಕಿ ಮೊರದಲ್ಲೇ ನಿಂತಿತು. ಇಲ್ಲಿಯವರಿಗೆ ಬೆಳಗಿನದು ಟಿಫಿನ್. ತಿಂಡಿ ಎಂದರೆ ಆಹಾರ, ಹೊಟ್ಟೆಗೆ ಹಾಕುವುದೆಲ್ಲ.

ಸಂಜೆ ಇವರಿಗೆ ಬಿಡಿಸಿ ಹೇಳಿದೆ. ಇವರು ನಕ್ಕರು.

"ನೀನು ಬಿ.ಎ. ಮಾಡಿದ್ದು ಸಾರ್ಥಕವಾಯ್ತು ಬಿಡು. ಅವರು ಮಾತಾಡಿದ್ದು ಕನ್ನಡ ಕಣೇ! ಹೊಟ್ಟೆಕಿಚ್ಚಿಗೂ ಒಂದು ನಿಘಂಟು ಬೇಕಾ?"

ಹೊಟ್ಟೆಕಿಚ್ಚು ಇದ್ದದ್ದು ನಿಜ. ಕಮಲಾಕ್ಷಿಯನ್ನೇ ಕೇಳಿ ಬರೋಣವೆಂದು ಚಪ್ಪಲಿ ಮೆಟ್ಟಿದೆ. ಆಕೆ 'ಉಮಾಶಂಕರ್ ಗಾರು ಹೇಗಿದ್ದಾರೆ' ಎಂದು ನನ್ನನ್ನೇ ಕೇಳುವುದನ್ನು ನೆನೆದು ಮತ್ತೆ ಬಿಚ್ಚಿಟ್ಟೆ. ಭಾನುವಾರ ಹೇಗೂ ಸಿಗುತ್ತಾರಲ್ಲ.

ಆ ಭಾನುವಾರ ತರಗತಿಗೆ ಮೊದಲು ಎಲ್ಲರೂ ಬೀಚ್ ರಸ್ತೆಯಲ್ಲಿ ನಡೆಯುವುದೆಂದಾಗಿತ್ತು. ಇವರು ಮಾತ್ರೆ ನುಂಗಿ, ಬೂಟು ಬಿಗಿದು, ಕಮಲಾಕ್ಷಿಯ ಪಕ್ಕದಲ್ಲೇ ಹೆಜ್ಜೆ ಹಾಕಿದರು. ನಾನು ಹಿಂದೆ, ಸಂಘದ ಪುಟ್ಟಮ್ಮನ ಜೊತೆ. ಆಕೆಯ ಗಂಡ ಈಶ್ವರಪ್ಪ ಬಂದರಿನಲ್ಲಿ ನೌಕರ.

"ನಿಮ್ ಯಜಮಾನ್ರು ಏನ್ ನಡೀತಾರ್ರೀ! ನಮ್ಮೋರ್ನ ನೋಡಿ, ಮೇವು ಕಂಡ್ರೆ ನಿಲ್ಲೋ ಎತ್ತು."

ನಾನು ಇವರ ತೋಳಿಗೂ ಆಕೆಯ ಸೆರಗಿಗೂ ನಡುವಿನ ಜಾಗ ನೋಡುತ್ತಿದ್ದೆ. ಅದು ಒಮ್ಮೆ ಕಿರಿದಾಯಿತು. ಮತ್ತೊಮ್ಮೆ ಕಿರಿದಾಯಿತು.  ಮೂರನೆಯ ಸಲ ಇವರು ಆಕೆಯ ಕಡೆಗೆ ವಾಲಿದಾಗ ಬೆನ್ನಿನ ಮೇಲೆ ಕಣ್ಣು ಬಿತ್ತು. ಸಮುದ್ರದ ಗಾಳಿ ತಣ್ಣಗೆ ಬೀಸುತ್ತಿದ್ದರೂ ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಅದು ಸಲಿಗೆಯಲ್ಲ, ತೂರಾಟ.

ಓಡಿಹೋಗಿ ತೋಳು ಹಿಡಿದೆ.

"ಬಿಡೇ! ಇಲ್ಲೂ ಕಾವಲಾ?" ಎಂದು ಕಿರುಚಿದರು. ಬೆರಳುಗಳು ನಡುಗುತ್ತಿದ್ದವು.

ಚಹಾದ ಬಂಡಿಯವನ ಡಬ್ಬಿಗೇ ಕೈ ಹಾಕಿ, ಲೋಟದ ನೀರಿಗೆ ಸಕ್ಕರೆ ಸುರಿದು, ಕಟ್ಟೆಯ ಮೇಲೆ ಕೂರಿಸಿ ಕುಡಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಇವರ ಕಣ್ಣಿಗೆ ಗುರುತು ಮರಳಿತು.

"ಬೆಳಿಗ್ಗೆ ಏನು ತಿಂದ್ರಿ ಅಂಡಿ?" ಕಮಲಾಕ್ಷಿ ಕೇಳಿದರು.

"ಏನೂ ಇಲ್ಲ. ನೀವೇ ಹೇಳಿದ್ರಲ್ಲ, ತಿಂಡಿ ಕಮ್ಮಿ ಅಂತ."

"ಅಯ್ಯೋ ರಾಮ! ತಿಂಡಿ ಅಂದ್ರೆ ಊಟ ಅಂಡಿ, ಆ ಅನ್ನ! ಟಿಫಿನ್ ಬಿಡಿ ಅಂತ ಯಾರು ಹೇಳಿದ್ರು?"

ಇವರು ನನ್ನ ಕಡೆ ನೋಡಲಿಲ್ಲ.  ಬಂಡಿಯವನಿಂದ ಎರಡು ಬನ್ ಕೊಂಡು ಕೈಗಿಟ್ಟೆ; ಎರಡನ್ನೂ ತಿಂದರು.

"ಸುಮಿತ್ರಾ ಗಾರೂ, ಪಕ್ಕದಲ್ಲೇ ಇದ್ದ ನನಗೆ ತಿಳೀಲಿಲ್ಲ. ನಿಮಗೆ ಹೇಗೆ ಕಾಣ್ತು?"

"ನಾನು ಹಿಂದಿದ್ದೆನಲ್ಲ" ಎಂದೆ. ಏನು ನೋಡುತ್ತಿದ್ದೆನೆಂದು ಹೇಳಲಿಲ್ಲ.

ಮುಂದಿನ ಭಾನುವಾರ ಕಮಲಾಕ್ಷಿ ನನ್ನನ್ನು ತಮ್ಮ ಪಕ್ಕದಲ್ಲಿ ನಿಲ್ಲಿಸಿಕೊಂಡರು. "ನನ್ನ ಕನ್ನಡ ಇನ್ಮೇಲೆ ಇವರ ಕೈಲಿ." ಮಾತ್ರೆ ನುಂಗಿದ ಮೇಲೆ ಬೆಳಗಿನ ಆಹಾರ ಬಿಡಬಾರದು, ಕಡಿಮೆ ಮಾಡಬೇಕಾದದ್ದು ಎರಡು ಹೊತ್ತಿನ ಅನ್ನದ ರಾಶಿ ಎಂದು ನಾನು ಅಳೆದು ಅಳೆದು ಹೇಳಿದೆ. ಎಲ್ಲರೂ ಕೇಳುತ್ತಿದ್ದರು. ಮೊದಲ ಸಾಲಿನಲ್ಲಿದ್ದ ಇವರು ಮಾತ್ರ ನನ್ನ ಒಂದೊಂದು ಮಾತಿಗೂ ಕಮಲಾಕ್ಷಿಯ ಮುಖ ನೋಡಿ, ಆಕೆ ತಲೆಯಾಡಿಸಿದ ಮೇಲೆ ತಾವೂ ಆಡಿಸುತ್ತಿದ್ದರು.

ಕಮಲಾಕ್ಷಿ ಅದನ್ನು ಗಮನಿಸಿರಬೇಕು. ಮೆಲ್ಲಗೆ ಇಳಿದುಹೋಗಿ ಕೊನೆಯ ಸಾಲಿನಲ್ಲಿ, ಇವರ ಬೆನ್ನ ಹಿಂದೆ ಕುಳಿತರು. ಅಷ್ಟು ದೊಡ್ಡ ಮನಸ್ಸೂ ಆಕೆಗೇ ಇರಬೇಕೇ ಎಂದು ಒಂದು ಗಳಿಗೆ ನನ್ನ ಹೊಟ್ಟೆ ಉರಿಯಿತು.

ಇವರಿಗೆ ಎದುರಿಗೆ ನೋಡಲು ನಾನೊಬ್ಬಳೇ ಉಳಿದೆ.

"ಅನ್ನ ಕಡಿಮೆ ಮಾಡಿ" ಎಂದೆ.

ತಲೆಯಾಡಿಸಿದರು.