ಮುನಿಲಕ್ಷ್ಮಮ್ಮನನ್ನೇ ಕೇಳಬೇಕಿತ್ತು

ನಮ್ಮ ಊರುಗಳಲ್ಲಿ ಒಂದು ಅಭ್ಯಾಸ ಇದೆ. ಕಾಯಿಲೆಯವರನ್ನು ನೋಡಲು ಬಂದವರು ಕಾಯಿಲೆಯವರನ್ನು ಮಾತಾಡಿಸುವುದಿಲ್ಲ. ಪಕ್ಕದಲ್ಲಿ ನಿಂತ ಮನೆಯವರನ್ನು ಕೇಳುತ್ತಾರೆ, "ಈಗ ಎಂಗವ್ರೆ?" ಮನೆಯವರೂ ಹೇಳಿಬಿಡುತ್ತಾರೆ, "ಪರ್ವಾಗಿಲ್ಲ." ಮಲಗಿದವರು ಕಣ್ಣು ಬಿಟ್ಟುಕೊಂಡು ಕೇಳಿಸಿಕೊಳ್ಳುತ್ತಿರುತ್ತಾರೆ. ಇದನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ತಮಿಳುನಾಡಿನ ಪೆನ್ನಾಗರಂ ಹತ್ತಿರದ ಪುಟ್ಟಪ್ಪನ ಮನೆಯಲ್ಲಿ ಈ ಅಭ್ಯಾಸ ಇನ್ನೂ ಗಟ್ಟಿ. ಅವರದು ಕುರಿ ಸಾಕುವ ಮನೆ. ಮಂದೆಗೆ ರೋಗ ಬಂದರೆ ಹೊರಗಿನವರ ಮುಂದೆ ಬಾಯಿ ಬಿಡಬಾರದು, ಬಿಟ್ಟರೆ ರೋಗ ಬಲಿಯುತ್ತದೆ ಅಂತ ಅವರ ನಂಬಿಕೆ. ಕುರಿ ಕಾಲೆಳೆಯುತ್ತಿದ್ದರೂ "ಮೇಯ್ತಾ ಅವೆ" ಎನ್ನಬೇಕು. ರೋಗದ ಕುರಿಯನ್ನು ಸದ್ದಿಲ್ಲದೆ ಬೇರೆ ಕಟ್ಟಬೇಕು.

ಪುಟ್ಟಪ್ಪನ ಹೆಂಡತಿ ಮುನಿಲಕ್ಷ್ಮಮ್ಮನಿಗೆ ಎರಡೂ ಕಿಡ್ನಿಗಳು ಕೆಟ್ಟವು. ವಾರಕ್ಕೆ ಎರಡು ಸಲ ಸೇಲಂಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕಾಯಿತು. ತೋಳಿನಿಂದ ರಕ್ತ ಹೊರಗೆ ಬಂದು, ಮಿಷಿನ್ನಿನಲ್ಲಿ ಶುದ್ಧವಾಗಿ, ಮತ್ತೆ ಒಳಗೆ ಹೋಗುತ್ತದೆ. ಪುಟ್ಟಪ್ಪ ಮಂದೆಯನ್ನು ತಮ್ಮನಿಗೆ ಒಪ್ಪಿಸಿ, ಮೊದಲ ಬಸ್ಸಿಗೇ ಅವಳನ್ನು ಹತ್ತಿಸಿಕೊಂಡು ಹೋಗುತ್ತಿದ್ದ. ಒಂದು ಸಲವೂ ತಪ್ಪಿಸಲಿಲ್ಲ. ಅವನಿಗೆ ಹೆಂಡತಿಯ ಮೇಲೆ ಪ್ರೀತಿ ಇರಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ.

ತೊಂಬತ್ತೇಳನೇ ಇಸವಿಯ ಒಂದು ಬೆಳಿಗ್ಗೆ, ಮಿಷಿನ್ ಓಡುತ್ತಿರುವಾಗ, ನರ್ಸ್ ಶಾಲಿನಿ ಬಂದು ಮುನಿಲಕ್ಷ್ಮಮ್ಮನ ಪಕ್ಕದಲ್ಲಿ ಕೂತಳು. ಅವಳು ಕೊಳತ್ತೂರಿನ ಹುಡುಗಿ, ಮನೆಯಲ್ಲಿ ಆಡುವುದು ಕನ್ನಡ. ಕೈಯಲ್ಲಿ ಒಂದಷ್ಟು ಪ್ರಶ್ನೆಗಳ ಹಾಳೆ ಇತ್ತು.

"ಅಕ್ಕಾ, ನಿದ್ದೆ ಎಂಗೆ ಬತ್ತೈತೆ? ಚೆನ್ನಾಗಿ ಬತ್ತೈತಾ, ಸುಮಾರಾ, ಬರೋದೇ ಇಲ್ವಾ?"

"ನಲ್ಲಾ ತೂಂಗುದು ಸಿಸ್ಟರ್," ಎಂದ ಪುಟ್ಟಪ್ಪ. ಚೆನ್ನಾಗಿ ನಿದ್ದೆ ಮಾಡುತ್ತಾಳೆ ಅಂತ. ಆಸ್ಪತ್ರೆ ಅಂದರೆ ಅವನ ಬಾಯಿಗೆ ತಮಿಳೇ ಬರುತ್ತಿತ್ತು.

"ಮೈ ಕಡಿತ?"

"ಅದೆಲ್ಲಾ ಇಲ್ಲೆ."

"ಅಣ್ಣಾ, ನಾನು ಅಕ್ಕನ್ನ ಕೇಳ್ತಾ ಇವ್ನಿ."

ಪುಟ್ಟಪ್ಪನಿಗೆ ಸಿಟ್ಟು ಬಂತು, ಬಾಯಿಗೆ ಕನ್ನಡವೂ ಬಂತು. "ರಕ್ತ ಟೆಸ್ಟ್ ಮಾಡಿದ್ರಲ್ಲ ತಾಯಿ. ಪರ್ವಾಗಿಲ್ಲ ಅಂತ ಡಾಕ್ಟ್ರೇ ಏಳವ್ರೆ. ಇನ್ನೇನು, ಕಷ್ಟಾನೂ ಪಡೀಲಿ ಅಳೀತೀಯಾ?"

"ಅಳೀಬೇಕಣ್ಣಾ. ರಕ್ತದಾಗೆ ಉಪ್ಪೆಷ್ಟು, ಕೊಳೆಯೆಷ್ಟು ಅಂತ ಟೆಸ್ಟ್ ಏಳ್ತೈತೆ. ನಿದ್ದೆ ಬತ್ತೈತಾ, ಬದುಕೋಕೆ ಮನಸ್ಸೈತಾ, ಅದ ಯಾವ ಟೆಸ್ಟ್ ಏಳ್ತೈತೆ? ಇವತ್ತು ಕೇಳ್ತೀವಿ, ಮೂರು ತಿಂಗ್ಳು ಬಿಟ್ಟು ಮತ್ತೆ ಕೇಳ್ತೀವಿ. ಕಷ್ಟ ಏರೈತಾ ಇಳಿದೈತಾ ಅಂತ ಗೊತ್ತಾದ್ರೆ ಮದ್ದು ಮಾಡಬೋದು. ನೀವು ಓಗಿ ಒಂದು ಟೀ ಕುಡ್ಕೊಂಡು ಬನ್ನಿ."

ಪುಟ್ಟಪ್ಪ ಗೊಣಗುತ್ತಾ ಹೋದ.

ಮುನಿಲಕ್ಷ್ಮಮ್ಮ ಬಾಗಿಲ ಕಡೆ ನೋಡಿದಳು. ಬಹಳ ಹೊತ್ತು ಮಾತಾಡಲಿಲ್ಲ. ಶಾಲಿನಿಯೂ ಸುಮ್ಮನೆ ಕೂತಳು.

"ಕಡಿತ ತಡೆಯೋಕಾಗಲ್ಲಮ್ಮ," ಎಂದಳು ಕೊನೆಗೆ. "ಮಿಷಿನ್ ಮುಗಿಯೋ ಒತ್ತಿಗೆ ಮೀನ್‌ಖಂಡ ಇಡ್ಕೊಂಡು ಪ್ರಾಣ ಓಗ್ತೈತೆ. ಅದೂ ತಡ್ಕೊಂತೀನಿ, ಬುಡು."

"ಮತ್ತೆ ಯಾವ್ದು ತಡೆಯೋಕಾಗಲ್ಲಕ್ಕಾ?"

"ನನ್ನ ಚಾಪೆ ಜಗಲಿಗೆ ಆಕವ್ರೆ. ತಟ್ಟೆ ಬೇರೆ, ಚೊಂಬು ಬೇರೆ. ಮೊಮ್ಮಗಳು ಮಗ್ಗುಲಿಗೆ ಬಂದ್ರೆ ಎಳ್ಕೊಂಡೋಗ್ತಾರೆ. ಯಾರೂ ಬೈಯಲ್ಲ. ಸದ್ದಿಲ್ದೆ ಬೇರೆ ಕಟ್ಟವ್ರೆ ನನ್ನ." ಅವಳು ಮಿಷಿನ್ನಿನ ಕಡೆ ನೋಡಿದಳು. "ಬರೋ ವಾರದಿಂದ ನಾನು ಬರಲ್ಲಮ್ಮ. ಬಸ್ಸು ಬರೋ ಒತ್ತಿಗೆ ಮಲ್ಕೊಂಡ್ಬಿಡ್ತೀನಿ. ಅವ್ರಿಗಿನ್ನೂ ಏಳಿಲ್ಲ."

ಡಯಾಲಿಸಿಸ್ ನಿಲ್ಲಿಸಿದರೆ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಶಾಲಿನಿ ಬುದ್ಧಿ ಹೇಳಲಿಲ್ಲ. ಅವಳ ಕೈ ಹಿಡಿದುಕೊಂಡು, "ಅಣ್ಣಂಗೆ ಏಳ್ಲಾ?" ಎಂದು ಕೇಳಿದಳು. ಮುನಿಲಕ್ಷ್ಮಮ್ಮ ಹೂಂ ಎಂದು ತಲೆಯಾಡಿಸಿದಳು.

ಪುಟ್ಟಪ್ಪ ಬಂದ ಮೇಲೆ ಶಾಲಿನಿ ಎಲ್ಲವನ್ನೂ ಹೇಳಿದಳು. ಅವನು ಮಂಚದ ಅಂಚಿಗೆ ಕೂತ.

"ನಾನೇ ಅಂಗೆ ಮಾಡಿಸಿದ್ದು," ಎಂದ. "ಮನೇಲಿ ಮಕ್ಕಳು ಮರಿ ಅವೆ, ಅಂಟ್ಕೊಂಡ್ರೆ ಅಂತ. ಬಾಯ್ಬಿಟ್ರೆ ಜಾಸ್ತಿ ಆಗ್ತೈತೆ ಅಂತ ಯಾರ್ಗೂ ಏನೂ ಏಳಲಿಲ್ಲ."

"ಕಿಡ್ನಿ ಕೆಡೋದು ಅಂಟು ರೋಗ ಅಲ್ಲಣ್ಣಾ. ಒಂದೇ ತಟ್ಟೇಲಿ ಉಂಡ್ರೂ, ಮಗ್ಗುಲಲ್ಲೇ ಮಲಗಿದ್ರೂ ಅಂಟಲ್ಲ."

ಮುನಿಲಕ್ಷ್ಮಮ್ಮ ಗಂಡನ ಕಡೆ ತಿರುಗಿದಳು. "ಕುರಿಗೆ ಬಾಯಿಲ್ಲ, ಅದರ ಬದ್ಲು ನೀವು ಏಳಿ. ನಂಗೆ ಬಾಯೈತಲ್ಲ. ಒಂದು ದಿನಾನಾದ್ರೂ ಕೇಳಿದ್ರಾ?"

ಪುಟ್ಟಪ್ಪ ಹೆಗಲ ಮೇಲಿನ ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡು ಅತ್ತ. ವಾರ್ಡಿನಲ್ಲಿ ಎಲ್ಲರೂ ನೋಡುತ್ತಿದ್ದರು.

ಶಾಲಿನಿ ಡಾಕ್ಟರಿಗೆ ಉತ್ತರಗಳನ್ನು ತೋರಿಸಿದಳು. ಅವರು ಕಡಿತಕ್ಕೆ ಊಟದ ಜೊತೆ ನುಂಗುವ ಮಾತ್ರೆ ಕೊಟ್ಟರು. ಮೈಯಲ್ಲಿ ತುಂಬಿದ ನೀರನ್ನು ಒಂದೇ ಸಲ ಜಾಸ್ತಿ ತೆಗೆದರೆ ಕಾಲು ಹಿಡಿಯುತ್ತದೆ ಎಂದು ತಿಳಿಸಿ, ದಿನಕ್ಕೆ ಇಷ್ಟಕ್ಕಿಂತ ಹೆಚ್ಚು ನೀರು ಕುಡಿಯಬಾರದೆಂದು ಅಳತೆ ಹೇಳಿದರು. ಊರಿನಲ್ಲಿ ಚಾಪೆ ಒಳಗೆ ಬಂತು. ಮೊಮ್ಮಗಳು ಅಜ್ಜಿಯ ಸೆರಗು ಹಿಡಿದೇ ಮಲಗಿದಳು. ಮುಂದಿನ ವಾರ ಬಸ್ಸು ಬರುವ ಮೊದಲೇ ಮುನಿಲಕ್ಷ್ಮಮ್ಮ ಎದ್ದು ತಲೆ ಬಾಚಿಕೊಂಡಿದ್ದಳು.

ಮೂರು ತಿಂಗಳಾದ ಮೇಲೆ ಶಾಲಿನಿ ಮತ್ತೆ ಕೇಳಿದಳು. ಕಡಿತ ಇಳಿದಿತ್ತು. ನಿದ್ದೆ ಸುಮಾರು. ಆಯಾಸ ಹಾಗೇ ಇತ್ತು. ಪುಟ್ಟಪ್ಪ ಪಕ್ಕದಲ್ಲೇ ಕೂತು, ತುಟಿ ಕಚ್ಚಿಕೊಂಡು ಸುಮ್ಮನಿದ್ದ.

ಮರುವರ್ಷ ಮಳೆಗಾಲದಲ್ಲಿ ಮುನಿಲಕ್ಷ್ಮಮ್ಮ ತೀರಿಕೊಂಡಳು. ಅವಳ ಹೃದಯ ಸೋತಿತ್ತು. ಮಿಷಿನ್ನಿಗಾಗಲಿ ಪ್ರಶ್ನೆಗಳಿಗಾಗಲಿ ಅದನ್ನು ತಡೆಯಲು ಆಗಲಿಲ್ಲ, ಆಗುತ್ತಿತ್ತು ಎಂದು ನಾನು ಸುಳ್ಳು ಹೇಳುವುದಿಲ್ಲ. ಆದರೆ ಅವಳು ಸತ್ತಿದ್ದು ಜಗಲಿಯಲ್ಲಲ್ಲ, ಮನೆಯ ನಡುವೆ, ತನ್ನವರ ಮಧ್ಯೆ. ಪುಟ್ಟಪ್ಪ ಈಗಲೂ ಹೇಳುತ್ತಾನೆ, "ಮೊದ್ಲೇ ಕೇಳಿದ್ರೆ ಅಷ್ಟು ದಿನ ಒಬ್ಬಳೇ ಮಲಗ್ತಿರ್ಲಿಲ್ಲ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಡಯಾಲಿಸಿಸ್‌ಗೆ ಹೋಗುವವರು ಇರಬಹುದು. ಅವರನ್ನು ದೂರ ಇಡಬೇಡಿ, ಇದು ಅಂಟುವ ಕಾಯಿಲೆ ಅಲ್ಲ. ನರ್ಸು, ಡಾಕ್ಟರು ಬಂದು ಪ್ರಶ್ನೆ ಕೇಳಿದರೆ ನೀವು ಉತ್ತರ ಹೇಳಬೇಡಿ. ಕಾಯಿಲೆಯವರೇ ಹೇಳಲಿ, ತಮ್ಮ ಮನೆಮಾತಿನಲ್ಲೇ ಹೇಳಲಿ. ಆಸ್ಪತ್ರೆಯಲ್ಲಿ ಯಾರೂ ಕೇಳದಿದ್ದರೆ ಇವತ್ತೇ ನೀವು ಕೇಳಿ. ಕೇಳಿದ ಮೇಲೆ ಸುಮ್ಮನೆ ಪಕ್ಕದಲ್ಲಿ ಕೂತಿರಿ. ಉತ್ತರ ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆ.