ಪಾಲಾದ ಪೋಸ್ಟರ್

ಮನೆ ಪಾಲಾದ ದಿನ ಅಣ್ಣತಮ್ಮಂದಿರು ಆ ಹಳೇ ಸಿನಿಮಾ ಪೋಸ್ಟರನ್ನೂ ಬಿಟ್ಟಿರಲಿಲ್ಲ. ಒಬ್ಬಳೇ ಹುಡುಗಿಗಾಗಿ ಇಬ್ಬರು ಸಹೋದರರು ಕಾದಾಡುವ ಚಿತ್ರ ಅದು. ಆದಿನಾರಾಯಣಪ್ಪನಿಗೆ ಅಣ್ಣನ ಪಾತ್ರದವನು ಬೇಕು, ಭಾನುಪ್ರಕಾಶನಿಗೆ ತಮ್ಮನೇ ಬೇಕು. ಹಿರಿಯರು ನಕ್ಕರೂ ಕೇಳದೆ ಮಗ್ಗದ ಕತ್ತರಿ ತಂದು, ನಾಯಕಿಯ ಮುಖದ ನಡುವೆಯೇ ಕತ್ತರಿಸಿ ಹಂಚಿಕೊಂಡರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಈಗ ಭಾನುಪ್ರಕಾಶನನ್ನು ಹುಡುಕಿಕೊಂಡು ಬೆಂಗಳೂರಿನಿಂದ ಹಳೇ ಪೋಸ್ಟರ್ ಕೊಳ್ಳುವವನೊಬ್ಬ ಬಂದಿದ್ದ. "ಅರ್ಧ ತಗೊಂಡು ಏನ್ಮಾಡ್ಲಿ ಸಾರ್? ಈ ಸಿನಿಮಾದ್ದು ಎಲ್ಲೂ ಉಳಿದಿಲ್ಲ. ಎರಡೂ ಸೇರಿದ್ರೆ ಕೇಳಿದ ರೇಟು ಕೊಡ್ತೀನಿ" ಎಂದ. ಭಾನುಪ್ರಕಾಶ ಟ್ರಂಕಿನ ತಳಕ್ಕೆ ಹಾಸಿದ್ದ ತನ್ನ ಅರ್ಧವನ್ನು ಕೊಡವಿಕೊಂಡು, ಅವನ ಕಾರಿನಲ್ಲೇ ಪಕ್ಕದೂರು ಮಧುರೆಯಲ್ಲಿದ್ದ ಅಣ್ಣನ ಮನೆಗೆ ಹೋದ. ಪುಸಲಾಯಿಸಿ ಇನ್ನರ್ಧ ಈಸಿಕೊಳ್ಳುವ ಹಂಚಿಕೆ.

ನಡುಮನೆಯಲ್ಲಿ ದೇವರ ಪಟಗಳ ಪಕ್ಕ ಗಾಜು ಹಾಕಿಸಿದ ದೊಡ್ಡ ಚೌಕಟ್ಟಿತ್ತು. ಎಡಕ್ಕೆ ಅಣ್ಣನ ಅರ್ಧ, ಬಲಕ್ಕೆ ಬರೀ ಬಿಳಿ ರಟ್ಟು.

ತಮ್ಮನ ಕೈಯಲ್ಲಿದ್ದ ಕಾಗದ ಕಂಡದ್ದೇ ಆದಿನಾರಾಯಣಪ್ಪನ ಮುಖ ಅರಳಿತು. "ತಂದ್ಬಿಟ್ಯೇನ್ಲಾ! ನಿನ್ ಜಾಗ ಹಂಗೇ ಮಡಗಿವ್ನಿ ಕಣೋ" ಎನ್ನುತ್ತ ಕುರ್ಚಿ ಹತ್ತಿ ಚೌಕಟ್ಟು ಇಳಿಸತೊಡಗಿದ.

ಹೊರಗೆ ಕಾರಿನ ಹಾರ್ನ್ ಕೇಳಿಸಿತು.

"ಯಾರ್ಲಾ ಅದು?"

ಭೂಮಿ ಬಾಯಿಬಿಡಬಾರದೇ ಅನಿಸಿತು ಭಾನುಪ್ರಕಾಶನಿಗೆ.

"ಯಾರೋ ದಾರಿ ತಪ್ಪಿ ಬಂದೋರು ಕಣಣ್ಣ" ಎಂದ, ತಲೆ ಎತ್ತದೆ.