ನನ್ನ ಮೋಟರಿನ ಪಾಳಿ

ಇರುವೆ ವೋಲ್ಟೇಜ್ ಮೀಟರಿನ ಗಾಜು ಹತ್ತುತ್ತಿದೆ, ಸೊನ್ನೆಯ ಮೇಲೆ ಮಲಗಿರುವ ಮುಳ್ಳಿನ ಗುಂಟ, ಒಳಗೆ ಮುಳ್ಳು ಹೊರಗೆ ಇರುವೆ, ಎರಡೂ ಕಪ್ಪು, ಎರಡೂ ಸಣ್ಣ, ಊದಿ ಹಾರಿಸಲೇ — ಬೇಡ, ಕೈ ಹಚ್ಚಬೇಡ ಅಂದಿದ್ದಾಳೆ ಮಗಳು ಐಶ್ವರ್ಯ, ಸ್ಟಾರ್ಟರ್ ಡಬ್ಬಿ ಹತ್ರನೇ ಹೋಗಬ್ಯಾಡ ಅವ್ವಾ, ನಿನ್ನ ಕೈ ನನಗ ಗೊತ್ತದ, ಅಂತ, ನನ್ನ ಹೊಟ್ಟೆಯಲ್ಲಿ ಹುಟ್ಟಿ ನನ್ನ ಕೈಗೇ ಕೋಳ ಹಾಕುವವಳು, ಇರಲಿ, ಹಚ್ಚಿಲ್ಲವಲ್ಲ, ನೋಡುತ್ತಿದ್ದೇನೆ ಅಷ್ಟೇ, ನೋಡುವುದಕ್ಕೂ ಸರಕಾರದ ಅಪ್ಪಣೆ ಬೇಕೇ. ಮೋರಖಂಡಿಯ ಈ ಹೊಲ ನನ್ನದು, ಬಾವಿ ನನ್ನದು, ಡಬ್ಬಿ ನನ್ನದು, ಬದುವಿನ ಮೇಲೆ ಎರಡು ಕಂಬದ ನಡುವೆ ಕುಂತಿರುವ ಟಿಸಿಗೆ — ಟ್ರಾನ್ಸ್‌ಫಾರ್ಮರ್ ಅನ್ನು ಅಂತ ಐಶ್ವರ್ಯ ತಿದ್ದುತ್ತಾಳೆ, ನಾವು ಟಿಸಿ ಅನ್ನುವವರೇ — ಅದಕ್ಕೆ ಜಾಗ ಕೊಟ್ಟವರೂ ನಮ್ಮ ಮಾವನವರೇ. ಹಾಗಾಗಿ ಈ ಲೈನಿಗೆ ಕರೆಂಟು ಬಂದರೆ ಮೊದಲು ನನ್ನ ಮೋಟರಿಗೆ, ಉಳಿದದ್ದು ಊರಿಗೆ, ಇದನ್ನು ಯಾರೂ ಕೇಳಿದವರಿಲ್ಲ, ಯಾರೂ ಹೇಳಿದವರಿಲ್ಲ. ಇವತ್ತು ನನ್ನ ಮೋಟರ್ ಎಲ್ಲರಿಗಿಂತ ಕೊನೆಗೆ. ಶಕುಂತಲಾಬಾಯಿಯ ಮೋಟರ್ ಕೊನೆಗೆ! ಹುಮನಾಬಾದಿನ ತವರಿನಿಂದ ಬಂದು ಈ ಮನೆಯ ಹೊಸ್ತಿಲು ದಾಟಿದಂದಿನಿಂದ ನಾನು ಕೊನೆಗೆ ನಿಂತವಳಲ್ಲ, ಮದುವೆ ಊಟಕ್ಕೆ ಮೊದಲ ಪಂಕ್ತಿ, ಹಳ್ಳಿಖೇಡದ ಕಾರ್ಖಾನೆಗೆ ಕಬ್ಬು ಹೊರಟರೆ ನನ್ನ ಟ್ರ್ಯಾಕ್ಟರೇ ಮೊದಲು, ಹಿಂದೆ ನಿಂತು ಕಾಯುವುದು ಹೇಗೆಂದೇ ನನಗೆ ಗೊತ್ತಿಲ್ಲ, ಕಾಲನ್ನು ಎಲ್ಲಿಡಬೇಕು, ಕೈಯನ್ನು ಎಲ್ಲಿಡಬೇಕು. ಸೆರಗಿನೊಳಗೆ ಇಟ್ಟುಕೊಂಡಿದ್ದೇನೆ.

ಕೊಡಂಬಲದಲ್ಲಿ ನಾದಿನಿಯ ಮಗಳ ಮದುವೆ, ಹೆಂಗಸರು ಸುತ್ತುವರಿದು ಕೇಳಿದರು, ಐಶ್ವರ್ಯಾಂದು ಯಾವಾಗ್ರಿ ಲಗ್ನ, ನಾನು ಸೆರಗು ಸರಿಮಾಡಿಕೊಂಡು ಹೇಳಿದೆ, ಆಕಿ ಪಿಎಚ್‌ಡಿ ಮಾಡಾಕತ್ತಾಳ, ಮುಂದ ಬರೋ ಕರೆಂಟಿನ ಮ್ಯಾಲ, ಅಷ್ಟರಲ್ಲಿ ಒಬ್ಬಾಕೆ, ಅಯ್ಯ, ಇದ್ದ ಕರೆಂಟೇ ನೆಟ್ಟಗ ಬರಾಂಗಿಲ್ಲ, ಇನ್ನೂ ಹುಟ್ಟದ ಕರೆಂಟಿನ ಮ್ಯಾಲ ಏನ್ ಓದ್ತಾಳ್ರಿ, ಅಂದಳು, ಎಲ್ಲರೂ ಹೋಳಿಗೆ ತುಂಬಿದ ಬಾಯಲ್ಲೇ ನಕ್ಕರು. ಮೈ ಉರಿದು ಹೋಯಿತು, ಆದರೆ ಅವಳೇನು ಓದುತ್ತಾಳೆಂದು ನನಗೂ ಗೊತ್ತಿರಲಿಲ್ಲವಲ್ಲ, ಮನೆಗೆ ಬಂದವಳೇ ರೊಟ್ಟಿ ಬಡಿಯುತ್ತ ಕೇಳಿದೆ, ಏನು ಓದಾಕತ್ತೀ, ಒಂದು ಸಲ ನನಗ ತಿಳಿಯೋಹಂಗ ಹೇಳು. ಅವಳು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಂತಳು, ಕಬ್ಬು ಹೇರಿದ ಬಂಡಿ ಗಾಲಿಕೆಳಗ ಕಲ್ಲು ಬಂದ್ರ ಬಂಡೀಗಿ ಗೊತ್ತೇ ಆಗಾಂಗಿಲ್ಲ ಹೌದಲ್ಲೋ ಅವ್ವಾ, ಖಾಲಿ ಬಂಡಿ ಆದ್ರ ಎಗರಿ ಬೀಳ್ತದ, ಹಳೇ ಲೈನಂದ್ರ ಹೇರಿದ ಬಂಡಿ, ದೊಡ್ಡ ದೊಡ್ಡ ಮಷೀನು ತಿರುಗತಾವ, ಆ ಭಾರ ಲೈನಿಗಿ ಆಸರ ಇತ್ತು, ಇನ್ಮುಂದ ಎಲ್ಲಾ ಸೋಲಾರು, ಗಾಳಿ, ಆ ಭಾರ ಕಮ್ಮಿ, ಬಂಡಿ ಖಾಲಿ, ಅದಕ್ಕ ಕಂಬ ನೆಡೋಕಿಂತ ಮೊದಲ ಆ ಲೈನ್ ಕಂಪ್ಯೂಟರದಾಗ ಕಟ್ಟತೀನಿ, ಹೊಡ್ತ ಕೊಡತೀನಿ, ಎಷ್ಟು ಬೀಳ್ತದ, ಬಿದ್ದದ್ದು ಮತ್ತ ಏಳ್ತದೋ ಇಲ್ಲೋ, ಅಷ್ಟೇ ನೋಡತೀನಿ. ಅಷ್ಟೇ ಅಂತೆ! ಕಂಬವಿಲ್ಲ, ತಂತಿಯಿಲ್ಲ, ಅಂಥ ಲೈನನ್ನು ಕೂತಲ್ಲೇ ಹುಟ್ಟಿಸಿ ಕೂತಲ್ಲೇ ಬೀಳಿಸಿ ಎಬ್ಬಿಸುತ್ತಾಳೆ ನನ್ನ ಮಗಳು, ರೊಟ್ಟಿ ಹೊತ್ತಿದ್ದು ನನಗೆ ಗೊತ್ತಾಗಲಿಲ್ಲ, ಆ ಮದುವೆಯ ಹೆಂಗಸರನ್ನೆಲ್ಲ ಒಂದು ಟೆಂಪೋದಲ್ಲಿ ತುಂಬಿ ತರಿಸಿ, ಮತ್ತೆ ಹೋಳಿಗೆ ಬಡಿಸಿ, ಈಗ ಕೇಳ್ರೇ ಅನ್ನಬೇಕು ಅನಿಸಿತು. ನಮ್ಮ ಯಜಮಾನರು ಮಹಾರುದ್ರಪ್ಪನವರಿಗೆ, ಹುಮನಾಬಾದಿನ ಅವರ ಅಂಗಡಿಗೆ, ಫೋನ್ ಮಾಡಿ ಬಂಡಿಯ ಮಾತು ಹೇಳಿದೆ, ಹಾಂ ಹಾಂ, ಗಿರಾಕಿ ಅದ, ಅಂದರು, ಆದರೆ ಆಮೇಲೆ ಅದನ್ನೇ ಗಿರಾಕಿಗೂ ಹೇಳಿದರಂತೆ.

ಇರುವೆ ಗಾಜಿನ ನೆತ್ತಿಗೆ ಹೋಗಿ ತಿರುಗಿತು, ಮುಳ್ಳು ಇನ್ನೂ ಮಲಗಿದೆ. ಈ ಆಟೋ ಸ್ವಿಚ್ಚು ತಂದವಳು ಮೊದಲು ನಾನೇ, ಈ ಭಾಗಕ್ಕೇ ಮೊದಲು, ಹುಮನಾಬಾದಿನಲ್ಲಿ ಮೋಟರ್ ವೈಂಡಿಂಗ್ ಮಾಡುವ ನಬೀಸಾಬನ ಅಂಗಡಿಯಿಂದ, ಸಣ್ಣ ಪೆಟ್ಟಿಗೆ, ಡಬ್ಬಿಗೆ ಜೋಡಿಸಿದರೆ ಕರೆಂಟು ಬಂದ ಗಳಿಗೆಯಲ್ಲೇ ಮೋಟರ್ ತಾನಾಗಿ ಶುರು, ಹೊಲಕ್ಕೆ ಓಡಿ ಬಂದು ಗುಂಡಿ ಒತ್ತುವ ಗೋಜಿಲ್ಲ. ನಾನು ಹಾಕಿದೆ, ಪಕ್ಕದ ಹೊಲದ ದೇವಿಂದ್ರಪ್ಪ ಹಾಕಿದ, ನಾನು ಒಂದು ಎಮ್ಮೆ ತಂದರೆ ಎರಡು ತರುವವನು ಅವನು, ಆಮೇಲೆ ಊರೆಲ್ಲ. ಅಂದಿನಿಂದ ತ್ರೀಫೇಸ್, ಅಂದರೆ ಮೋಟರಿನ ಕರೆಂಟು, ಬಂತೆಂದರೆ ಲೈನಿನ ಮೋಟರುಗಳೆಲ್ಲ ಒಟ್ಟಿಗೇ ಎದ್ದು ಒಟ್ಟಿಗೇ ಎಳೆಯುತ್ತವೆ, ಏರಿದ ಮುಳ್ಳು ಏರಿದಷ್ಟೇ ಬೇಗ ದೊಪ್ಪನೆ ಬೀಳುತ್ತದೆ, ತಿರುಗಲಾರದೆ ಎಲ್ಲ ಗುಂಯ್‌ಗುಡುತ್ತವೆ, ದೂರದವರ ಮೋಟರ್ ಸುಡುತ್ತದೆ, ಲೈನು ಹೋಗುತ್ತದೆ, ಬರುತ್ತದೆ, ಮತ್ತೆ ಒಟ್ಟಿಗೇ ಏಳುತ್ತವೆ, ಬುದ್ಧಿ ಮಾತ್ರ ಬರುವುದಿಲ್ಲ. ಐಶ್ವರ್ಯ ಇದನ್ನು ದೊಡ್ಡ ಸೆಮಿನಾರಿನಲ್ಲಿ ತೋರಿಸಿದಾಗ ಕೋಟು ಹಾಕಿದ ಒಬ್ಬರು ಎದ್ದು, ಎಲ್ಲ ಮೋಟರೂ ಒಂದೇ ಸೆಕೆಂಡಿಗೆ ಶುರುವಾಗುವ ಊರು ಎಲ್ಲಿದೆಯಮ್ಮ, ಅಂದರಂತೆ, ನಮ್ಮೂರು ಸರ್, ಅಂದಳಂತೆ ಇವಳು, ಶುರು ಹಚ್ಚಿದ್ದು ನಮ್ಮ ತಾಯಿ, ಅಂತಲೂ ಅಂದಳಂತೆ, ಸಭೆಗೆ ಸಭೆಯೇ ನಕ್ಕಿತಂತೆ — ನಗಲಿ, ಅವಳ ಪಿಎಚ್‌ಡಿ ಪುಸ್ತಕದಲ್ಲಿ ನನ್ನ ಆಟೋಗೆ ಒಂದು ಪೂರ್ತಿ ಅಧ್ಯಾಯ ಇದೆ, ಆ ಕೋಟಿನವರ ಅವ್ವನಿಗೆ ಇದೆಯೇ. ಅದಕ್ಕೆ ಮದ್ದೂ ಅವಳೇ ಕಂಡುಹಿಡಿದಳು, ಪ್ರತಿ ಆಟೋದೊಳಗೆ ಒಂದು ಸರ್ಕ್ಯೂಟ್ ಕಾರ್ಡು, ಒಂದೊಂದು ಮೋಟರ್ ಒಂದೊಂದು ಹೊತ್ತು ಕಾಯಬೇಕು, ಒಂದು ಎದ್ದು ನಿಂತ ಮೇಲೆ ಇನ್ನೊಂದು. ಕಾರ್ಡು ಕೂಡಿಸಿದವನು ನಬೀಸಾಬನೇ, ನಮ್ಮ ಧಂದಾ ಬಂದ್ ಮಾಡಾಕ ಹುಟ್ಟ್ಯಾಳ ನೋಡ್ರಿ ಬಾಯಿ ನಿಮ್ಮ ಬೇಟಿ, ಮೋಟರ್ ಸುಡಲಿಲ್ಲಂದ್ರ ನಾ ಏನ್ ತಿನ್ನಬೇಕು, ಅಂತ ನಗುತ್ತಲೇ ಕೂಡಿಸಿದ. ಕಂಪ್ಯೂಟರಿನಲ್ಲಿ ಎಲ್ಲ ಸರಿ ಬಂತು, ಅವಳ ಗೈಡ್ ಸರ್ ಮಾತ್ರ, ನಿಜವಾದ ಲೈನಿನ ಮೇಲೆ ಒಮ್ಮೆ ತೋರಿಸು, ಆಗ ಕೊನೆಯ ಅಧ್ಯಾಯ ಒಪ್ಪುತ್ತೇನೆ, ಅಂದುಬಿಟ್ಟರು.

ಶಾಲೆಯ ಅಂಗಳದಲ್ಲಿ ಎಲ್ಲರನ್ನೂ ಸೇರಿಸಿದ್ದಳು. ಯಾರು ಮೊದಲು ಯಾರು ಹಿಂದೆ ಅಂತ ಕೇಳಿದರು ಜನ, ಅದೇ ತಾನೇ ಎಲ್ಲರ ಹೊಟ್ಟೆಯಲ್ಲಿದ್ದದ್ದು, ನಾನಂತೂ ನಿಶ್ಚಿಂತೆಯಿಂದ ಕುರ್ಚಿಯಲ್ಲಿ ಕುಂತಿದ್ದೆ, ಮಗಳದೇ ಲೆಕ್ಕ, ಅವ್ವನದೇ ಟಿಸಿ, ಇನ್ನೇನು. ಲೈನಿನ ಬಾಲದ ಕಡಿಯವ್ರು ಮೊದಲ, ಅಂದಳು, ಅಲ್ಲಿ ವೋಲ್ಟೇಜ್ ಕಮ್ಮಿ, ಅವ್ರು ಮೊದಲ ಎದ್ರ ಎಲ್ಲಾರೂ ಏಳ್ತಾರ, ಟಿಸಿ ಹತ್ರದವ್ರು ಮೊದಲ ಎದ್ರ ಅವ್ರಷ್ಟೇ ಏಳ್ತಾರ, ಅಂಬುಬಾಯಿಯವ್ರದು ಮೊದಲ, ನಮ್ಮವ್ವಂದು ಕೊನೀಗಿ. ಎಲ್ಲರೂ ತಿರುಗಿ ನನ್ನ ಕುರ್ಚಿಯನ್ನು ನೋಡಿದರು. ಅಂಬುಬಾಯಿಯ ಹೊಲ ಹಳ್ಳದ ಆಚೆ, ಅವಳ ಕೇರಿ ಊರಿನ ಆಚೆ, ಊರು ಅವರನ್ನು ಎಲ್ಲದರಲ್ಲೂ ಬಾಲಕ್ಕೇ ಇಟ್ಟಿತ್ತು, ಲೈನೂ ಹಾಗೇ ಹೋಗಿತ್ತು, ಪ್ರತಿ ವರ್ಷ ಅವಳ ಮಗ ಅಜೀತ ಸುಟ್ಟ ಮೋಟರನ್ನು ಗಾಡಿಯ ಹಿಂದೆ ಕಟ್ಟಿಕೊಂಡು ನಬೀಸಾಬನ ಅಂಗಡಿಗೆ ಹೋಗುವುದು ರಸ್ತೆಯಲ್ಲಿ ಕಾಣುತ್ತಿತ್ತು. ನನಗೂ ಸಹಿಸಲಾಗಲಿಲ್ಲ, ಸುಳ್ಳು ಯಾಕೆ, ನಮ್ಮ ಬದುವಿನ ಟಿಸಿ, ಮೊದಲು ಅಂಬುಬಾಯಿಯೇ. ಆಗ ದೇವಿಂದ್ರಪ್ಪ ಎದ್ದ, ವೈನಿಯವ್ರು ಕೊನೀಗಿ ನಿಂದ್ರತಾರೇನು ಕೇಳ್ರಿ ಮೊದಲ, ಅವ್ರು ನಿಂತ್ರ ನಾವೂ ನಿಂದ್ರತೀವಿ, ಅಂತ ಮೀಸೆಯೊಳಗೇ ನಕ್ಕ, ಇವಳು ನಿಲ್ಲುವವಳಲ್ಲ ಅಂತ ಗೊತ್ತಿದ್ದೇ ನಕ್ಕ. ಆ ನಗು ನೋಡಿಯೇ ನನ್ನ ಬಾಯಿಂದ ಬಂದುಬಿಟ್ಟಿತು, ನಿಂದ್ರತೀನಿ, ನಿಮ್ಮೆಲ್ಲಾರದೂ ಎದ್ದ ಮ್ಯಾಲೇ ನಂದು ಏಳ್ತದ. ದೊಡ್ಡ ಮನಸ್ಸು ಅಂತ ಊರು ಹೊಗಳಿತು. ದೊಡ್ಡ ಮನಸ್ಸೂ ಇಲ್ಲ ಎಂಥದೂ ಇಲ್ಲ, ದೇವಿಂದ್ರಪ್ಪನ ಮೀಸೆ ಅಷ್ಟೇ. ಗೋಡೆಗೆ ಆತು ನಿಂತಿದ್ದ ಅಂಬುಬಾಯಿ, ಖರೇ ಏನ್ರಿ ಅವ್ವಾರ, ಅಂದಳು, ಖರೇ ಅಂದೆ.

ಇವತ್ತು ಬೆಳಿಗ್ಗೆ ಮಗಳು ಬಸವಕಲ್ಯಾಣದ ಕರೆಂಟ್ ಸ್ಟೇಷನ್ನಿನಿಂದ ಫೋನ್ ಮಾಡಿದ್ದಳು, ಗೈಡ್ ಸರ್ ಪಕ್ಕದಲ್ಲೇ ಇದ್ದಾರಂತೆ, ಇವತ್ತು ಲೈನು ಬಿದ್ದರೆ ಕೊನೆಯ ಅಧ್ಯಾಯ ಬಿತ್ತು, ಊರವರು ಕಾರ್ಡು ಕಿತ್ತು ಬಾವಿಗೆ ಎಸೆಯುತ್ತಾರೆ, ಎರಡನೇ ಸಲ ಯಾರೂ ಅವಳ ಮಾತು ಕೇಳುವುದಿಲ್ಲ, ಅದನ್ನು ಅವಳು ಹೇಳಲಿಲ್ಲ, ದನಿ ಹೇಳಿತು. ಕೇಳವ್ವಾ, ನಿಂದು ಎಲ್ಲಾರಕಿಂತ ದೊಡ್ಡ ಮೋಟರ್, ಕೊನೀ ಹೊಡ್ತ ನಿಂದೇ, ಮುಳ್ಳು ಭಾಳ ಕೆಳಗ ಬೀಳ್ತದ, ಬಿದ್ರೂ ಹಸಿರು ಗುಂಡಿ ಬ್ಯಾಡ, ಕೆಂಪೂ ಬ್ಯಾಡ, ತಾನಾಗೇ ಎದ್ರ ನನ್ನ ಲೆಕ್ಕ ಖರೆ, ಏಳಲಿಲ್ಲಂದ್ರ ಸುಳ್ಳು, ನೀ ಉಳಿಸಿಕೊಟ್ಟದ್ದು ನನಗ ಬ್ಯಾಡ. ಹೊಡೆತದಲ್ಲಾದರೂ ನಾನೇ ದೊಡ್ಡವಳಲ್ಲ ಅಂದೆ, ನಕ್ಕಳು, ಆ ನಗುವೂ ಸ್ವಲ್ಪ ನಡುಗಿತು, ಅಯ್ಯೋ ನನ್ನ ಕೂಸೇ, ಸೋಲಬೇಡವೇ, ಸೋತು ಬಂದರೂ ನನ್ನ ಮಗಳೇ, ಆದರೂ ಸೋಲಬೇಡ — ಟಕ್, ಕೆಂಪು ದೀಪ, ಕರೆಂಟು ಬಂತು, ಮುಳ್ಳು ಎದ್ದಿತು, ಎದ್ದು ಪೂರ್ತಿ ಮೇಲೆ ಹೋಗಿ ನಿಂತಿತು.

ಸದ್ದಿಲ್ಲ. ತ್ರೀಫೇಸ್ ಇದ್ದೂ ಸುತ್ತಲಿನ ಹೊಲವೆಲ್ಲ ಸುಮ್ಮನಿದೆ, ಇಂಥದ್ದು ಕಂಡೇ ಇಲ್ಲ, ಬೇವಿನ ಮರದಲ್ಲಿ ಗಿಳಿ ಕೂಗಿದ್ದು ಕೇಳುತ್ತಿದೆ, ಆಮೇಲೆ ದೂರದಲ್ಲಿ, ಹಳ್ಳದ ಆಚೆ, ಸಣ್ಣಗೆ ಒಂದು ಗರ್ ಅನ್ನುವ ಸದ್ದು, ಅಂಬುಬಾಯಿಯ ಮೋಟರ್, ಇಷ್ಟು ವರ್ಷ ಒಂದೇ ಲೈನಿನಲ್ಲಿದ್ದು ಆ ಸದ್ದು ನನ್ನ ಕಿವಿಗೆ ಬಿದ್ದೇ ಇಲ್ಲ, ನನ್ನ ಮೋಟರಿನ ಗದ್ದಲದಲ್ಲಿ ಹೇಗೆ ಬೀಳಬೇಕು. ಮುಳ್ಳು ಒಂದು ಎಳ್ಳಿನಷ್ಟು ತಗ್ಗಿ ಮತ್ತೆ ಏರಿತು. ಇನ್ನೊಂದು ಮೋಟರ್, ತಗ್ಗಿತು, ಏರಿತು, ಇನ್ನೊಂದು, ಇನ್ನೊಂದು, ಹಳ್ಳದಿಂದ ಈ ಕಡೆ ಹತ್ತಿರ ಹತ್ತಿರ ಬರುತ್ತಿವೆ, ಒಂದೂ ಗುಂಯ್‌ಗುಡಲಿಲ್ಲ, ಎಲ್ಲ ಎದ್ದ ಕೂಡಲೇ ಸ್ವಚ್ಛವಾಗಿ ತಿರುಗುತ್ತಿವೆ, ಎದೆ ಹಿಗ್ಗುತ್ತಿದೆ ನನಗೆ, ರವಿಕೆ ಬಿಗಿಯಾಗುವಷ್ಟು. ಈಗ ದೇವಿಂದ್ರಪ್ಪನದೂ ಎದ್ದಿತು, ಅವನ ಪೈಪಿನಲ್ಲಿ ನೀರು ಚಿಮ್ಮಿತು, ಬದುವಿನ ಮೇಲೆ ನಿಂತು ಕೂಗುತ್ತಿದ್ದಾನೆ, ವೈನೀ, ಇನ್ನಾ ಏಳಲಿಲ್ಲೇನ್ರಿ ನಿಮ್ಮದು, ಹಸಿರು ಒತ್ತಿಬಿಡ್ರಿ, ಯಾರು ನೋಡ್ತಾರ. ನಾ ನೋಡಾಕತ್ತೀನಲ್ಲೋ, ಅಂದೆ. ಕೈ ತುರಿಸುತ್ತಿದೆ, ಸುಳ್ಳಲ್ಲ, ಬೆರಳ ತುದಿ ಕೆಂಡ ಮುಟ್ಟಿದ ಹಾಗೆ, ಊರಿಗೆಲ್ಲ ನೀರು, ನನ್ನ ಪೈಪು ಒಣಗಿ ಬಾಯಿ ತೆರೆದಿದೆ, ಇರಲಿ ಬಿಡು, ನಿಂತಿದ್ದೇನೆ, ನಿಲ್ಲುತ್ತೇನೆ, ಕೊನೆಗೆ ನಿಲ್ಲುವುದರಲ್ಲೂ ನನ್ನನ್ನು ಮೀರಿಸುವವರು ಈ ಊರಲ್ಲಿ ಹುಟ್ಟಿಲ್ಲ.

ಟಕ್ — ನನ್ನದು, ಡಬ್ಬಿ ನಡುಗಿತು, ನೆಲ ನಡುಗಿತು, ಮುಳ್ಳು ಬಿತ್ತು, ತಗ್ಗಿದ್ದಲ್ಲ, ಬಿತ್ತು, ಅರ್ಧಕ್ಕೆ ಬಿತ್ತು, ದೇವಿಂದ್ರಪ್ಪನ ಮೋಟರಿನ ದನಿ ದಪ್ಪವಾಯಿತು, ಅವನ ನೀರು ಸೊರಗಿತು, ಹಳ್ಳದ ಆಚೆ ಆ ಸಣ್ಣ ಸದ್ದು, ಎಲ್ಲಿ, ಕೇಳುತ್ತಿಲ್ಲ, ಸಾಯುತ್ತಿದೆ, ಅಂಬುಬಾಯಿಯದು ಸುಡುತ್ತದೆ, ಮಗಳ ಪುಸ್ತಕ ಸುಡುತ್ತದೆ, ಕೆಂಪು ಗುಂಡಿ ಇಲ್ಲೇ ಇದೆ, ಒಂದು ಗೇಣಿನ ದೂರ, ಒತ್ತಿದರೆ ನನ್ನದು ನಿಂತು ಉಳಿದದ್ದೆಲ್ಲ ಎದ್ದೀತು, ನನ್ನ ಕೈ ಯಾವಾಗ ಸೆರಗಿನಿಂದ ಹೊರಗೆ ಬಂತು, ಬಳೆಗಳು ಡಬ್ಬಿಗೆ ತಾಗಿ ಕಿಣಿ ಅಂದವು, ತಾಯಿ ಅಲ್ಲವೇ ನಾನು, ಬೀಳುವ ಕೂಸಿಗೆ ಕೈ ಕೊಡದೆ ಹೇಗೆ — ನೀ ಉಳಿಸಿಕೊಟ್ಟದ್ದು ನನಗ ಬ್ಯಾಡ, ಅಂದಿದ್ದಾಳೆ, ತಾನಾಗೇ ಎದ್ರ ಖರೆ, ಅಂದಿದ್ದಾಳೆ, ಅವಳು ನಡೆಯಲು ಕಲಿಯುವಾಗಲೂ ಬಿದ್ದಳು, ಓಡಿ ಬಂದ ನನ್ನ ಕೈ ಕೊಡವಿ ತಾನೇ ಎದ್ದಳು, ತೆಗಿ ಶಕುಂತಲಾ, ಕೈ ತೆಗಿ, ಅವಳ ಲೆಕ್ಕ ಅದು, ನಿನ್ನದಲ್ಲ. ತೆಗೆದೆ. ಬೆನ್ನ ಹಿಂದೆ ಕಟ್ಟಿಕೊಂಡೆ, ಎರಡೂ ಕೈ. ಮುಳ್ಳು ಅಲ್ಲೇ ನಡುಗುತ್ತಿದೆ, ಅಲ್ಲೇ, ಅಲ್ಲೇ, ಏಳೇ ನನ್ನವ್ವಾ, ನಡುಗಿತು, ಒಂದು ಗೆರೆ ಏರಿತು, ಇನ್ನೊಂದು ಗೆರೆ, ಎಳೆಕರು ಕಾಲೂರಿದ ಹಾಗೆ ತಡೆದು ತಡೆದು, ನನ್ನ ಪೈಪಿನಲ್ಲಿ ನೀರು ಬಿದ್ದ ಸದ್ದು, ನೋಡಲಾರೆ ಅದನ್ನು, ಕಣ್ಣು ಕೀಳಲಾರೆ ಇಲ್ಲಿಂದ, ಎಲ್ಲ ಮೋಟರಿನ ಗದ್ದಲದ ಕೆಳಗೆ, ಹಳ್ಳದ ಆಚೆ, ಇದೆ, ಆ ಸಣ್ಣ ಸದ್ದು ಇದೆ, ತಿರುಗುತ್ತಿದೆ, ಸೊಂಟದಲ್ಲಿ ಫೋನು ಬಡಿದುಕೊಳ್ಳುತ್ತಿದೆ, ಅವಳೇ, ಎತ್ತಬೇಕು, ಎತ್ತುತ್ತೇನೆ ತಡಿ ಮಗಳೇ, ಇರುವೆ ಎಲ್ಲಿ ಹೋಯಿತೋ, ಗಾಜಿನ ಮೇಲೆ ಏನೂ ಇಲ್ಲ, ಒಳಗೆ ಮುಳ್ಳು, ಯಾರೂ ಮುಟ್ಟದೆ ಎದ್ದು ನಿಂತ ಮುಳ್ಳು, ಅಲುಗದೆ ನಿಂತ ಮುಳ್ಳು, ಮುಳ್ಳು —